‘ಯಾರೂ ವಾಸವಿಲ್ಲ’

ಬಬಲೇಶ್ವರ
15 ನವೆಂಬರ್ 1964, ರವಿವಾರ

ಅಣ್ಣ ರಾಯಪ್ಪನಿಗೆ,

ನಿನ್ನ ತಂಗಿ ಪರಸವ್ವನ ಜೈಭೀಮ. ಪ್ರೀತಿಯ ಅಣ್ಣ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ.

ಅವ್ವ ಇರುವ ವಿಜಾಪುರದ ನಮ್ಮ ಮನೆಗೆ ಆಗಸ್ಟಿನಲ್ಲಿ ನೋಟೀಸು ಬಂದದ್ದು ನಿನಗೆ ಗೊತ್ತು. ನಮ್ಮ ಜಾಗ ಐದು ವರ್ಷದ ಹಿಂದೆಯೇ ವಖಾರಿಗಳ ಭಾಗಕ್ಕೆ ಸೇರಿದೆ, ಅಲ್ಲಿ ಸರಕು ಇಡಬಹುದು, ಸಂಸಾರ ಮಾಡುವಂತಿಲ್ಲ, ಮೂರು ತಿಂಗಳಲ್ಲಿ ಬಿಡಬೇಕು ಎಂದಿತ್ತು. ನಾನು ಹೆದರಿ ತಿಕೋಟಾಕ್ಕೆ ಬರೆದರೆ ನೀನು ಏನು ಉತ್ತರ ಕೊಟ್ಟೆ? ಸರಕಾರದ ಜೊತೆ ಗುದ್ದಾಡಬೇಡ, ಅವ್ವನನ್ನು ನನ್ನ ಹತ್ತಿರ ಕಳಿಸು ಎಂದೆ. ಎಷ್ಟು ಒಳ್ಳೆಯ ಮಗ ಅಂದುಕೊಂಡೆ.

ಆದರೂ ಒಂದು ಮಾತು ಕೊರೆಯುತ್ತಿತ್ತು. ಅಪ್ಪ ಕಲ್ಲು ಹೊತ್ತು ಕಟ್ಟಿದ ಮನೆ ವಖಾರಿಯಾದದ್ದು ಹೇಗೆ, ಮಾಡಿದವರು ಯಾರು? ಶನಿವಾರ ಮುಂಜಾನೆ ಇಲ್ಲಿಯ ಹುಡುಗಿಯರಿಗೆ ಪಾಠ ಹೇಳಿ ಮುಗಿಸಿ, ಬಸ್ಸು ಹಿಡಿದು ವಿಜಾಪುರದ ಕಚೇರಿಯ ದಫ್ತರ ಖೋಲಿಗೆ ಹೋದೆ. ಒಂದಲ್ಲ, ಐದು ಶನಿವಾರ. ಹಳೆಯ ಕಾಗದ ಕಾಯುವ ಮಶಾಕಸಾಬರು ಗಂಟು ಬಿಚ್ಚಿ ಕೊಡುತ್ತಿದ್ದರು, ನಾನು ಧೂಳಿನಲ್ಲಿ ಕೂತು ಓದುತ್ತಿದ್ದೆ. ಮೂರನೆಯ ವಾರ 1932ರ ನಕಾಶೆ ಸಿಕ್ಕಿತು. ನಮ್ಮ ಜಾಗದ ಮೇಲೆ ‘ವಾಸದ ಮನೆ’ ಎಂದು ಬರೆದಿತ್ತು, ಕೆಳಗೆ ಭಾಗಪ್ಪ ಎಂದು ಅಪ್ಪನ ಹೆಸರು. ಅದರ ಮೇಲೆ ಬೆರಳಿಟ್ಟು ಅತ್ತೆ.

ಐದನೆಯ ವಾರ 1959ರ ಗಂಟಿನಲ್ಲಿ ಆ ಅರ್ಜಿ ಬಂತು. ‘ಸದರಿ ಜಾಗದಲ್ಲಿ ಯಾರೂ ವಾಸವಿಲ್ಲ. ಬರೀ ದನದ ಕೊಟ್ಟಿಗೆ ಇದೆ. ಪಕ್ಕದ ವಖಾರಿ ಭಾಗಕ್ಕೆ ಸೇರಿಸಬೇಕು.’ ಕೆಳಗೆ, ತೀರಿಹೋದ ಮಾಲೀಕನ ಮಗನೆಂದು ನಿನ್ನ ಸಹಿ. ಪಾಟಿಯ ಮೇಲೆ ನನಗೆ ತಿದ್ದಿಸಿದ ಅದೇ ದುಂಡು ಅಕ್ಷರ.

ಮಶಾಕಸಾಬರು ನನ್ನ ಮುಖ ನೋಡಿ ಕೇಳಿದರು, “ಇಂವ ನಿಮಗೇನ ಆಗಬೇಕ್ರಿ ಅಕ್ಕೋರ?”

ಏನೂ ಅಲ್ಲ ಎಂದೆ.

ಪಕ್ಕದ ವಖಾರಿಯ ಗುರಲಿಂಗಪ್ಪ ತನ್ನ ತಿಕೋಟಾ ಅಂಗಡಿಗೆ ನಿನ್ನನ್ನು ಗುಮಾಸ್ತನಾಗಿ ಇಟ್ಟುಕೊಂಡದ್ದು ಅದೇ ತಿಂಗಳು. ಅವತ್ತು ಅವ್ವ ಓಣಿಗೆಲ್ಲ ಬೆಲ್ಲ ಹಂಚಿದ್ದಳು. ನಿನಗೆ ನೌಕರಿ ಬೇಕಿತ್ತು, ಒಪ್ಪುತ್ತೇನೆ. ಅದಕ್ಕಾಗಿ ಜೀವಂತ ಇರುವ ತಾಯಿಯನ್ನು ಕಾಗದದಲ್ಲಿ ಅಳಿಸಬೇಕಿತ್ತೇ? ಅವಳು ಮಲಗುವ ಜಾಗಕ್ಕೆ ಕೊಟ್ಟಿಗೆ ಅಂದೆಯಲ್ಲ, ಊರು ನಮ್ಮನ್ನು ದನಕ್ಕಿಂತ ಕಡೆ ಅಂದದ್ದು ಸಾಲದಾಗಿತ್ತೇ?

ನಕಾಶೆಯ ನಕಲು ಹಚ್ಚಿ ತಕರಾರು ಕೊಟ್ಟೆ. ಸಾಹೇಬರು ಜಾಗ ನೋಡಲು ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

“ಯಾರೂ ಇಲ್ಲಂತ ಬರದಾರಂತಲ್ರಿ. ಹಂಗಾರ ಮೂವತ್ತ ವರ್ಷ ಇಲ್ಲಿ ರೊಟ್ಟಿ ಬಡದಾಕಿ ಯಾರ್ರಿ?”

ಸಾಹೇಬರು ಒಲೆ, ಹಾಸಿಗೆ, ನೀರಿನ ಹರವಿ ಎಲ್ಲ ಬರೆದುಕೊಂಡು ಹೋದರು. ಮೊನ್ನೆ ಶುಕ್ರವಾರ ಹುಕುಂ ಬಂತು. ನೋಟೀಸು ರದ್ದು, ಜಾಗ ಮತ್ತೆ ವಾಸದ ಮನೆ.

ಗೆದ್ದೆನೆಂದು ಹೇಳಲು ಬರೆಯುತ್ತಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂದು ನನಗೂ ಅನಿಸಿಲ್ಲ. ನೀನು ಬಂದು ಅವ್ವನ ಮುಂದೆ ಕೂತು ನಿನ್ನ ಬಾಯಿಂದಲೇ ಹೇಳಬೇಕು. ಆ ಧೈರ್ಯ ಇಲ್ಲದಿದ್ದರೆ ಅವಳ ಹೊಸ್ತಿಲು ತುಳಿಯಬೇಡ.

ನಿನ್ನ ಬೆನ್ನಿಗೆ ಹುಟ್ಟಿದ,
ಪರಸವ್ವ

ತಾ.ಕ.: ಅರ್ಜಿಯ ನಕಲನ್ನು ಅವ್ವನಿಗೆ ಓದಿ ಹೇಳಿದಾಗ ಸಹಿಯನ್ನು ಮಾತ್ರ ಓದದೆ ಬಿಟ್ಟೆ. ಯಾರು ಬರೆದದ್ದು ಎಂದು ಕೇಳಿದ್ದಕ್ಕೆ, ಯಾರೋ ಏನೋ ಎಂದೆ. ಅವಳಿಗೆ ಓದು ಬರುವುದಿಲ್ಲ, ಎಣಿಸಲು ಬರುತ್ತದೆ. ಕೊನೆಯ ಮೂರು ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, “ನಮ್ಮ ರಾಯಪ್ಪನ ಹೆಸರಿನಾಗ ಎಷ್ಟ ಅಕ್ಷರ ಅದಾವ ಪರಸಿ?” ಎಂದಳು. ನಾಲ್ಕು ಎಂದು ಸುಳ್ಳು ಹೇಳಿದೆ. ಅವ್ವ ಆ ಮೂರರ ಮೇಲೆ ಮತ್ತೊಮ್ಮೆ ಬೆರಳಾಡಿಸಿ ಕಾಗದ ಮಡಚಿಟ್ಟಳು.