ಕೆರೆಗೆ ಮರಳಿದ ಬಣ್ಣ

ಅಪ್ಪನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಕೊಡ ನೀರು ಶುದ್ಧವಾಗಲು ಪರಿಸರಕ್ಕೆಷ್ಟು ಹೊರೆಯೆಂದು ಅಳೆಯುವ ಕೆಲಸದಲ್ಲಿ, ನೀವು ಕಟ್ಟಿಸಿದ ನೀರು ಶುದ್ಧೀಕರಣ ಘಟಕಕ್ಕೇ ಬಂದೆ. ಇಲ್ಲಿ ವರ್ಷದಿಂದ ವರ್ಷಕ್ಕೆ ಕೊಳೆ ತಳಕ್ಕಿಳಿಸುವ ಪಟಿಕ, ಕರೆಂಟು ಹೆಚ್ಚು ಬೇಕಾಗುತ್ತಿತ್ತು. ಕಾರಣ ಹುಡುಕಲು, ಘಟಕ ಪೈಪಿನಲ್ಲಿ ತೊರೆಗೆ ಬಿಡುವ ಕೆಸರಿಗೆ ಮೊನ್ನೆ ಕೆಂಪು ಬಣ್ಣ ಬೆರೆಸಿದೆ. ಸಂಜೆ, ಕೆರೆಯಿಂದ ನೀರೆತ್ತುವ ನಮ್ಮ ಪಂಪಿನಲ್ಲೇ ಕೆಂಪು ಬಂತು.

“ಮೇಡಂ, ಇಷ್ಟು ವರ್ಷ ತೊಳೆದ ಕೊಳೆಯನ್ನೇ ತೊಳೀತಿದ್ವಾ?” ಎಂದು ಆಪರೇಟರ್ ಪಂಪು ನಿಲ್ಲಿಸಿದ.

ತೊರೆ ಊರಾಚೆ ಹೋಗುತ್ತದೆಂದು ನಂಬಿ ಆ ಪೈಪಿಗೆ ಗೂಟ ಹೊಡೆದು ಜಾಗ ಗುರುತಿಸಿದವರು ನೀವು. ಆದರೆ ತೊರೆ ಗುಡ್ಡ ಸುತ್ತಿ ಕೆರೆಗೇ ಸೇರುತ್ತದೆ. ನಿನ್ನೆ ಮನೆಗೆ ಬಂದು, ನೀವು ಕೊಟ್ಟ ನೀರು ಕುಡಿದು, ಹೇಳಲಾಗದೆ ಹೊರಟುಬಂದೆ.

ಸೋಮವಾರ ವರದಿ ಕೊಡಬೇಕು. ಅದಕ್ಕೆ ಮೊದಲು ಬನ್ನಿ. ಪೈಪಿನ ಹೊಸ ಜಾಗಕ್ಕೂ ನೀವೇ ಗೂಟ ಹೊಡೆಯಬೇಕು.

ನಿಮ್ಮ ಮಗಳು