ಬಿಸಿಲಿಗೆ ಬೆದರದ ಕೆಂಪು

ಚಾಮರಾಜನಗರ
೧೮-೬-೧೯೫೬

ನನ್ನ ಅವ್ವನಿಗೆ ಮಗಳು ರುದ್ರಿಯ ಶರಣು.

ಈ ಕಾಗದ ಉದ್ದವಿದೆ. ಕೈಕೆಲಸ ಮುಗಿಸಿ, ಜಗಲಿಯಲ್ಲಿ ಬೆಳಕಿರುವಾಗ ಕೂತು ಓದು. ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ದಸರೆಯಿಂದ ಈಚೆಗೆ ಬರೆದ ಕಾಗದಗಳಲ್ಲೆಲ್ಲ ‘ಇಬ್ಬರೂ ಸುಖವಾಗಿದ್ದೇವೆ’ ಎಂದು ಬರೆದೆನಲ್ಲ, ಅದು ನಿಜವಾಗಿರಲಿಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಿನ್ನ ಅಳಿಯಂದಿರು ರೇಷ್ಮೆ ವ್ಯಾಪಾರದ ದೊಡ್ಡಮಲ್ಲಪ್ಪನವರ ಛತ್ರದ ಗೋಡೆಗೆ ಚಿತ್ರ ಬರೆದರಷ್ಟೆ. ಡ್ರಾಯಿಂಗ್ ಮೇಷ್ಟ್ರಾಗಿ ಹತ್ತು ವರ್ಷ ಮಕ್ಕಳ ಹಾಳೆ ತಿದ್ದಿದವರಿಗೆ ಅಷ್ಟು ದೊಡ್ಡ ಗೋಡೆ ಸಿಕ್ಕಿದ್ದು ಅದೇ ಮೊದಲು. ಅಂಗಡಿಯಿಂದ ತಂದ ಬಣ್ಣದ ಪುಡಿ ಬಳಸಿದ್ದರು. ದಸರೆಯ ಹೊತ್ತಿಗೆ ಕಿಟಕಿಯ ಬಿಸಿಲು ಬೀಳುವ ಕಡೆಯೆಲ್ಲ ಕೆಂಪು ಬಿಳಿಚಿಕೊಂಡಿತು. ಊಟಕ್ಕೆ ಕೂತಿದ್ದ ಜನರೆದುರಿಗೇ ದೊಡ್ಡಮಲ್ಲಪ್ಪನವರು, “ಬಿಸ್ಲು ಕಂಡ್ರೆ ಓಡೋಗೋ ಬಣ್ಣ ಬಳ್ದ್‌ಬುಟ್ರಲ್ಲಾ ಮೇಷ್ಟ್ರೇ. ಸುಣ್ಣ ಒಡೆಸ್ಬುಡ್ತೀನಿ” ಅಂದರಂತೆ.

ಇವರು ಮನೆಗೆ ಬಂದವರೇ ಕುಂಚಗಳನ್ನು ಕಟ್ಟಿ ಅಟ್ಟಕ್ಕೆ ಎಸೆದರು. ಆಮೇಲೆ ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ. ದೂರದ ಊರಿಗೆ ವರ್ಗ ಬೇಡಿ ಅರ್ಜಿ ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡರು. ಬಣ್ಣ ನಾನು ಮಾಡಿಕೊಡುತ್ತೇನೆ ಎಂದೆ. “ಬುಡು ರುದ್ರಿ, ಇದು ಗೋಡೆ ಸಾರ್ಸೋ ಕೆಲ್ಸ ಅಲ್ಲ” ಅಂದರು.

ಅವ್ವ, ಆ ಮಾತು ನನಗೆ ಬಹಳ ನಾಟಿತು. ಭೀಮನಬೀಡಿನ ನಮ್ಮ ಪಡಸಾಲೆಯಲ್ಲಿ ನೀನು ಬಳಿದ ಕೆಂಪು ಪಟ್ಟೆ ನಾನು ಲಂಗ ಉಡುತ್ತಿದ್ದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ಕೆಮ್ಮಣ್ಣು ಕಳಿಸು ಎಂದು ನಾನು ಬರೆದಾಗ ಹೊಸ ಒಲೆ ಹಾಕಲಿಕ್ಕೆ ಅಂದುಕೊಂಡೆಯಲ್ಲವೆ? ಈ ಬಣ್ಣಕ್ಕೆ ಕಣವ್ವ.

ಹಳದಿಗೆ ಮೊದಲು ನಮ್ಮೂರ ಅರಿಸಿನವನ್ನೇ ನಂಬಿದೆ. ನಾಲ್ಕೇ ದಿನದ ಬಿಸಿಲಿಗೆ ಅದು ಹೊರಟುಹೋಯಿತು. ಪುಣಜನೂರಿನಿಂದ ಜೇನು ತಂದು ಮಾರುವ ಪುಟ್ಟಮಾದಮ್ಮ ನನ್ನ ಪಾಡು ನೋಡಿ, “ನಮ್ ಅಳ್ಳದಲ್ಲಿ ಅಳ್ದಿ ಕಲ್ಲದೆ ಕಣವ್ವ. ಕೈಗ್ ಮೆತ್ಕಂಡ್ರೆ ಎರಡ್ ದಿನ ಓಗಕಿಲ್ಲ” ಅಂದಳು. ಮುಂದಿನ ವಾರ ಮಡಿಲು ತುಂಬ ತಂದಳು. ಕುಟ್ಟಿ, ನೀರಿಗೆ ಹಾಕಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಬಗ್ಗಡವನ್ನಷ್ಟೇ ಬೇರೆ ಮಡಕೆಗೆ ಬಸಿಯುತ್ತಿದ್ದೆ. ಹೀಗೆ ಐದು ಸಲ, ನೀನು ಕಳಿಸಿದ ಕೆಮ್ಮಣ್ಣಿಗೂ ಹೀಗೇ. ಕೊನೆಗೆ ತಳದಲ್ಲಿ ನಿಂತದ್ದು ಬೆಣ್ಣೆಯಷ್ಟು ನುಣುಪು. ಅದನ್ನು ಒಣಗಿಸಿ, ಬೇಲದ ಮರದ ಅಂಟು ಸೇರಿಸಿ ಕಲ್ಲಿನ ಮೇಲೆ ಅರೆದೆ. ಮೊದಲ ಸಲ ಒಣಗಿ ಬಿರಿಯಿತು. ಬಿರಿಯದಿರಲೆಂದು ಜೇನು ಬೆರೆಸಿದೆ, ಜಾಸ್ತಿಯಾಗಿ ಇರುವೆ ಮುತ್ತಿತು. ಅಂಗೈ ಬೊಬ್ಬೆ ಎದ್ದು ರೊಟ್ಟಿ ತಟ್ಟಲೂ ಆಗುತ್ತಿರಲಿಲ್ಲ. ಅಳತೆ ಕೈಗೆ ಸಿಕ್ಕಿದ ದಿನ ಕೆಂಪನ್ನು ಹಲಗೆಗೆ ಎಳೆದೆ ನೋಡು, ಒಳಗಿನಿಂದ ಕೆಂಡ ಕಾಣುವ ಹಾಗಿತ್ತು. ಹಳದಿಗೆ ದೀಪದ ಮಸಿ ಬೆರೆಸಿದರೆ ಹಸಿರು ಬರುತ್ತದೆ ಎಂದರೆ ನಂಬುತ್ತೀಯಾ?

ಇವರಿಗೆ ಹೇಳದೆ ದೊಡ್ಡಮಲ್ಲಪ್ಪನವರ ಮನೆಗೆ ನಾನೇ ಹೋದೆ. ಅಂಗಡಿ ಬಣ್ಣದ್ದೊಂದು, ನನ್ನದೊಂದು ಹಲಗೆ ಮುಂದಿಟ್ಟು, “ಅರ್ಧರ್ಧ ಕಪ್ಪು ಬಟ್ಟೆ ಮುಚ್ಚಿ ನಿಮ್ಮ ತಾರಸಿಯ ಮೇಲೇ ಇಡಿ. ಯುಗಾದಿಗೆ ಬಿಚ್ಚೋಣ. ಅಲ್ಲಿವರೆಗೆ ಸುಣ್ಣ ಹೊಡೆಸಬೇಡಿ” ಎಂದೆ. ಅವರು ಮೀಸೆಯಲ್ಲೇ ನಕ್ಕು, ತಾವೇ ಬಟ್ಟೆಗೆ ಮೊಳೆ ಹೊಡೆದರು. ವಿಷಯ ತಿಳಿದು ಇವರು ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ.

ಯುಗಾದಿಯ ದಿನ ಹತ್ತು ಜನರೆದುರು ಬಟ್ಟೆ ಬಿಚ್ಚಿದರು. ಅಂಗಡಿ ಬಣ್ಣದ ಹಲಗೆ ಮಧ್ಯಕ್ಕೆ ಗೆರೆ ಹೊಡೆದಂತೆ ಎರಡು ಬಣ್ಣವಾಗಿತ್ತು. ನನ್ನದರಲ್ಲಿ ಗೆರೆಯೇ ಇಲ್ಲ. ಬಟ್ಟೆ ಎಲ್ಲಿಯವರೆಗೆ ಇತ್ತು ಎಂದು ಇವರು ಹೆಬ್ಬೆರಳಿಂದ ಹುಡುಕಿದರು, ಸಿಗಲಿಲ್ಲ. ದೊಡ್ಡಮಲ್ಲಪ್ಪನವರು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಸೋತೆ ಕಣವ್ವ. ಗೋಡೆ ನಿಮ್ದೇ” ಅಂದರು. ಇವರು ಸರಸರನೆ ಮನೆಗೆ ನಡೆದರು. ನಾನು ಬರುವಷ್ಟರಲ್ಲಿ ಅಟ್ಟದ ಮೇಲಿದ್ದರು. ಕುಂಚದ ಕಟ್ಟು ಹಿಡಿದು ಕೆಳಗೆ ಇಳಿದು, “ಯಾವ್ ಬಣ್ಣ ಎಷ್ಟೆಷ್ಟದೆ ರುದ್ರಿ?” ಎಂದು ಕೇಳಿದರು. ಆರು ತಿಂಗಳಲ್ಲಿ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಅರ್ಜಿಯನ್ನು ಹರಿದು ಒಲೆಗೆ ಹಾಕಿದೆವು.

ರಜೆಯಲ್ಲಿ ಗೋಡೆ ಮುಗಿಯಿತು. ಹೋದ ಸೋಮವಾರ ಬಾಗಿಲು ತೆಗೆದರು. ಅರಿಸಿನ ಕೀಳುವ ಹೆಂಗಸರು, ಸಂತೆಗೆ ಹೊರಟ ಗಾಡಿ, ಹಿಂದೆ ಗುಡ್ಡ. ಜನ ಸಾಲುಗಟ್ಟಿ ಬರುತ್ತಿದ್ದಾರೆ. ಇವರು ತಲೆ ಎತ್ತಿ ಬೀದಿಯಲ್ಲಿ ನಡೆಯುತ್ತಿದ್ದಾರೆ, ಅವ್ವ. ನೀನೂ ಅಪ್ಪನೂ ಗುಂಡ್ಲುಪೇಟೆಗೆ ಬಂದು ಬೆಳಗಿನ ಬಸ್ಸು ಹಿಡಿಯಿರಿ.

ನಿನ್ನ ಮಗಳು,
ಶಿವರುದ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಗೋಡೆಯ ಎಡಭಾಗ, ಆ ಅರಿಸಿನದ ಹೆಂಗಸರೆಲ್ಲ, ನಾನು ಬರೆದದ್ದು. ನಾಲ್ಕನೆಯ ದಿನ ಇವರೇ ಏಣಿಯಿಂದ ಇಳಿದು, “ಈ ಬಣ್ಣ ನನ್ಗಿಂತ ನಿನ್ ಕೈ ಮಾತೇ ಕೇಳ್ತದೆ” ಎಂದು ಕುಂಚ ಕೊಟ್ಟರು. ಕೆಳಗೆ ಎರಡು ಹೆಸರು ಬರೆದಿದ್ದಾರೆ, ನನ್ನದು ಮೊದಲು. ಹೆಣ್ಣುಮಗಳಿಗೆ ಚಿತ್ರ ಯಾಕೆ ಎಂದು ನನ್ನ ಸ್ಲೇಟು ಕಿತ್ತಿಟ್ಟ ಅಪ್ಪನನ್ನು ಆ ಎಡಭಾಗದ ಎದುರಿಗೇ ನಿಲ್ಲಿಸು. ಬಾಯಿ ತುಂಬ ಹೊಗಳಲಿ. ಆಮೇಲೆ ಹೆಸರು ಓದಿಸು.