ಚಂಪಕ್ಕನ ಫೋನಿನ ಹಾಡು

ಹುಬ್ಬಳ್ಳಿ, ಫೆಬ್ರುವರಿ ಮೂವತ್ತೊಂದು, ೨೨೧೪

ವಯಸ್ಸಾದ ಅಮ್ಮಂದಿರಿಗೂ ಅತ್ತೆಯರಿಗೂ ಕರೋಕೆಯಲ್ಲಿ ಹಾಡಲು ಹಳೆಯ ಇಂಗ್ಲಿಷ್ ಹಾಡುಗಳನ್ನು ಆರಿಸುತ್ತ ಕೂತಿರುವ ನಿಮಗೆ, ನೀಲವ್ವ ಹಾದಿಮನಿಯ ನಮಸ್ಕಾರ.

ಮೇಲಿನ ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಸಮ ಮಾಡುವ ಹಟದಲ್ಲಿ ನಮ್ಮ ಹಿರಿಯರು ಫೆಬ್ರುವರಿಗೂ ದಿನ ಕೂಡಿಸಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ತಿದ್ದಿ ತಿದ್ದಿ ಬರೆದಿದ್ದೇನೆ. ಆದರೂ ಕೆಲವಕ್ಕೆ ನಿಮ್ಮಲ್ಲಿ ಹೆಸರೇ ಸಿಗಲಿಲ್ಲ.

ಒಂದು, ದನಿಮುಕ್ತಿ. ನಿಮ್ಮ ನಂತರದ ಕಾಲದಲ್ಲಿ ಯಂತ್ರಗಳು ಸತ್ತವರ ದನಿ ಕದ್ದು, ಅವರು ಆಡದ ಮಾತನ್ನೆಲ್ಲ ಆಡತೊಡಗಿದವು. ತೀರಿಹೋದ ಅಪ್ಪ ಬೆಳಗಾದರೆ ಮಗಳಿಗೆ ಸಾಬೂನು ಕೊಳ್ಳಲು ಹೇಳುತ್ತಿದ್ದನಂತೆ. ಜನ ರೋಸಿಹೋಗಿ ಕಾನೂನು ತಂದರು: ಮನುಷ್ಯ ಹೋದ ಮೇಲೆ ಅವನ ದನಿಯೂ ಎಲ್ಲ ಕಡೆಯಿಂದ ಅಳಿಯಬೇಕು. ಈಗಲೂ ತಿಥಿಯ ದಿನ ಮನೆಯವರೆಲ್ಲ ಕೂತು ಅಳಿಸುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಅದರ ಜತೆಗೆ ನಿಮ್ಮ ಕಾಲದ ಗಾಯಕಿಯರ ದನಿಯೂ ಹೋಯಿತು. ಉಳಿದದ್ದು ಕರೋಕೆ ಪೆಟ್ಟಿಗೆಗಳು ಮಾತ್ರ, ಅವುಗಳಲ್ಲಿ ಮೊದಲೇ ದನಿ ಇರಲಿಲ್ಲವಲ್ಲ. ವಾದ್ಯವಿದೆ, ಪರದೆಯ ಮೇಲೆ ಒಂದೊಂದಾಗಿ ನೀಲಿಯಾಗುವ ಅಕ್ಷರಗಳಿವೆ. ಇದಕ್ಕೆ ಬರಿಹಾಡು ಅನ್ನುತ್ತೇವೆ. ಧಾಟಿ ಅಜ್ಜಿಯ ಗಂಟಲಿನಿಂದ ಮೊಮ್ಮಗಳ ಗಂಟಲಿಗೆ ಬರಬೇಕು. ಗಂಡಸರು ನಾಚಿಕೊಂಡು ಹಾಡುವುದನ್ನು ಎಂದೋ ಕೈಬಿಟ್ಟರು.

ಶನಿವಾರ ಮಧ್ಯಾಹ್ನ ಹಳೆಯ ರೈಲ್ವೆ ಕಾಲನಿಯ ಸಭಾಂಗಣದಲ್ಲಿ ಸೇರುತ್ತೇವೆ. ಯಾರಾದರೂ ಮಂಡಕ್ಕಿಯ ಗಿರಮಿಟ್ಟು ಕಲಸಿ ತಂದಿರುತ್ತಾರೆ. ಹಿರಿಯಳೊಬ್ಬಳು ಮೈಕು ಹಿಡಿದು ಸ್ಟೂಲಿನ ಮೇಲೆ ಕೂರುತ್ತಾಳೆ. ಕಲಿಯುವವರು ಹಿಂದೆ ಕೂತು ಅವಳ ಬೆನ್ನಿಗೆ ಅಂಗೈ ಇಡುತ್ತೇವೆ. ಉಸಿರು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಕಿವಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಇದೇ ಬೆನ್ನುಪಾಠ. ಯಾರಿಗೆ ಯಾವ ಹಾಡು ಎಂದು ಗೊತ್ತುಮಾಡುವವಳು ಆಯ್ಕೆಗಾರ್ತಿ. ಮೊನ್ನೆಯವರೆಗೆ ನಮ್ಮ ಆಯ್ಕೆಗಾರ್ತಿಯಾಗಿದ್ದ ಶಾರವ್ವ ದೇಸಾಯಿ ಎಲ್ಲರಿಗೂ ಬೇಕಾದವಳು. ವಯಸ್ಸಾದವರಿಗೆ ಕೆಳಗಿನ ಶ್ರುತಿಯ, ನಿಧಾನದ, ಎಲ್ಲೂ ಎಡವದ ಹಾಡು ಕೊಡಬೇಕು, ಯಾರಿಗೂ ಮುಜುಗರವಾಗಬಾರದು ಎಂಬುದು ಅವಳ ನಿಯಮ. ಅದಕ್ಕೆ ನಾವೆಲ್ಲ ತಲೆಯಾಡಿಸಿದವರೇ.

ನನ್ನ ಅಜ್ಜಿಯ ತಂಗಿ ಚಂಪಕ್ಕನಿಗೆ ಮಾತ್ರ ಈ ನಿಯಮ ಸೇರುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಫೋನಿನ ಹಾಡು. ಹುಡುಗಿಯೊಬ್ಬಳು ಫೋನಿನ ಪಕ್ಕ ಕೂತು ಕಾಯುತ್ತಾಳೆ, ಕೊನೆಗೆ ಎದ್ದು ನಿಂತು ಕೂಗುತ್ತಾಳೆ. ಫೋನನ್ನು ಜೇಬಿಗೆ ಹಾಕಿಕೊಂಡು ಹೋಗದೆ ಅದರ ಪಕ್ಕ ಯಾಕೆ ಕೂತಳು ಎಂದು ನಾವು ವಾದ ಮಾಡುತ್ತಿದ್ದೆವು. ಆ ಧಾಟಿ ಬಲ್ಲವಳು ನಮ್ಮಲ್ಲಿ ಚಂಪಕ್ಕನೊಬ್ಬಳೇ. ಪ್ರತಿ ಸಲವೂ ಕೇಳುತ್ತಿದ್ದಳು. ಶಾರವ್ವ ಪ್ರೀತಿಯಿಂದಲೇ ತಪ್ಪಿಸುತ್ತಿದ್ದಳು. “ಅದು ಭಾಳ ಮ್ಯಾಲ ಹೋಗ್ತೈತಿ ಚಂಪಕ್ಕ. ದನಿ ಒಡದ್ರ ಮಂದಿ ನಗ್ತಾರ.”

“ಒಡೀಲಿ ಬಿಡವಾ. ನನ್ನ ದನಿ ಹೌದಿಲ್ಲೋ?”

ಮನೆಯಲ್ಲಿ ರೊಟ್ಟಿ ಬಡಿಯುವಾಗ ಅವಳು ಅದನ್ನೇ ಗುನುಗಲು ಶುರುಮಾಡುತ್ತಿದ್ದಳು. ಗಂಟಲು ಉಳಿಸಿಕೋ, ಶನಿವಾರಕ್ಕೆ ಬೇಕಾಗುತ್ತದೆ ಎಂದು ನಾವೇ ಬಾಯಿ ಮುಚ್ಚಿಸುತ್ತಿದ್ದೆವು.

ಕಳೆದ ದೀಪಾವಳಿಯ ಹೊತ್ತಿಗೆ ಶಾರವ್ವ ಮನಸ್ಸು ಕರಗಿ ಹಾಡು ಹಾಕಿದಳು. ಆದರೆ ಚಂಪಕ್ಕನಿಗೆ ಸುಲಭವಾಗಲಿ ಎಂದು ಪೆಟ್ಟಿಗೆಯ ಗುಂಡಿ ತಿರುವಿ ಶ್ರುತಿಯನ್ನು ಬಹಳ ಇಳಿಸಿದ್ದಳು. ಚಂಪಕ್ಕ ನೆಟ್ಟಗೆ ಕೂತಳು. ನನ್ನ ಕೈ ಅವಳ ಬೆನ್ನ ಮೇಲಿತ್ತು. ಬೆನ್ನು ಉಸಿರು ತುಂಬಿಕೊಂಡಿತು, ತಡೆಯಿತು, ಮತ್ತೆ ತುಂಬಿಕೊಂಡಿತು. ಹಾಡು ಮುಂದೆ ಹೋಯಿತು, ಅವಳಿಗೆ ಅದರೊಳಗೆ ಕಾಲಿಡಲು ಆಗಲಿಲ್ಲ. ಎಳೆಯ ವಯಸ್ಸಿನಿಂದ ಅವಳ ಮೈ ಆ ಹಾಡನ್ನು ಒಂದೇ ಎತ್ತರದಲ್ಲಿ ಅರಿತಿತ್ತು. ಕೆಳಗೆ ಅದು ಯಾರದೋ ಮನೆಯಂತಿತ್ತು. ಮೈಕು ಮಡಿಲಲ್ಲಿ ಇಟ್ಟುಕೊಂಡು, “ಇದು ನಂದಲ್ಲವಾ” ಅಂದಳು. ನಾವು ಚಪ್ಪಾಳೆ ತಟ್ಟಿದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಶಾರವ್ವ ಕೊಟ್ಟ ತಗ್ಗಿನ ಹಾಡುಗಳನ್ನು ಒಂದೂ ತಪ್ಪಿಲ್ಲದೆ ಹಾಡಿ, ಸಂಕ್ರಾಂತಿ ಕಳೆದು ಹೋಗಿಬಿಟ್ಟಳು.

ಶನಿವಾರಗಳಂದು ಮುದ್ರಿಸಿಟ್ಟಿದ್ದ ಅವಳ ದನಿಯನ್ನು ತಿಥಿಯ ದಿನ ಅಳಿಸಿದೆವು. ಅಳಿಸುವ ಮುನ್ನ ಎಲ್ಲವನ್ನೂ ಕೇಳಿದೆವು. ಅದರಲ್ಲಿದ್ದದ್ದು ನಾವು ಆರಿಸಿಕೊಟ್ಟ ಹಾಡುಗಳು ಮಾತ್ರ.

ಈಗ ಆಯ್ಕೆಗಾರ್ತಿ ನಾನು. ಶಾರವ್ವ ಮತ್ತೆ ಆ ಪೆಟ್ಟಿಗೆ ಮುಟ್ಟಲಿಲ್ಲ. ನಿಮ್ಮಲ್ಲಿ ಒಂದು ಕೋರಿಕೆ ಇದೆ. ಹಾಡು ಆರಿಸುವ ಮುಂಚೆ ಅವರನ್ನೇ ಕೇಳಿ. ಕುಣಿಯುವ ಹಾಡು ಅಂದರೆ ಕುಣಿಯುವ ಹಾಡೇ ಹಾಕಿ. ಶ್ರುತಿಯ ಗುಂಡಿಗೆ ಕೈ ಹಾಕಬೇಡಿ. ದನಿ ಒಡೆದರೆ ಒಡೆಯಲಿ, ನಗುವವರು ನಗಲಿ. ನಿಮ್ಮ ಯಾವ ಅತ್ತೆಯೋ ಅಮ್ಮನೋ ಫೋನಿನ ಹಾಡು ಕೇಳಿದರೆ, ದಯವಿಟ್ಟು ಇಲ್ಲವೆನ್ನಬೇಡಿ, ಹಿಂದೆ ಕೂತು ಬೆನ್ನ ಮೇಲೆ ಕೈಯಿಡಿ.

ಶನಿವಾರಗಳಂದು ನಾನು ಈಗ ಆ ಹಾಡನ್ನು ಅದರ ಎತ್ತರದಲ್ಲೇ ಹಾಕುತ್ತೇನೆ. ಅಕ್ಷರಗಳು ಒಂದೊಂದಾಗಿ ನೀಲಿಯಾಗುತ್ತವೆ. ಹುಡುಗಿ ಏನೆಂದು ಕೂಗುತ್ತಾಳೆ ಎಂದು ನಾವೆಲ್ಲ ಓದುತ್ತೇವೆ. ಹೇಗೆ ಕೂಗುತ್ತಾಳೆ ಎಂದು ಗೊತ್ತಿಲ್ಲದೆ ಸುಮ್ಮನೆ ಕೂತಿರುತ್ತೇವೆ.

ನಿಮ್ಮ,
ನೀಲವ್ವ